ಮಾರಾಟವಾಗದ ಗೊನೆ ಹುಡಿಯಾದ ಕತೆ

ಕರಾವಳಿಯಲ್ಲಿ ಬಾಳೆಗೆ ಒಳ್ಳೆಯ ಬೆಲೆ ಸಿಗುವುದು ಜಾತ್ರೆ, ದೈವಗಳ ನೇಮ, ಮದುವೆ, ಗೃಹಪ್ರವೇಶಗಳ ಕಾಲಕ್ಕೆ. ದೇವಸ್ಥಾನದಲ್ಲಿ ಬಾಳೆಗೊನೆ ಕಡಿಯುವ ‘ಗೊನೆ ಮುಹೂರ್ತ’ವಾಯಿತೆಂದರೆ ಜಾತ್ರೆಯ ಗೌಜಿ ಶುರುವಾಯಿತೆಂದೇ ಅರ್ಥ. ಮೂಡುಬಿದಿರೆ ಪಕ್ಕದ ಪುತ್ತಿಗೆಯಿಂದ ಹಿಡಿದು ಬಂಟ್ವಾಳ, ಬೆಳ್ತಂಗಡಿಯ ತನಕ ಅಡಿಕೆ ತೋಟದ ಎಡೆಯಲ್ಲಿ ಕದಳಿ, ಮೈಸೂರು, ನೇಂದ್ರ ಬೆಳೆಯುವವರಿಗೆ ಇದೇ ದೊಡ್ಡ ಭರವಸೆ. 2020ರ ಮಾರ್ಚ್ 25ರಿಂದ ಕೊರೊನಾದಿಂದಾಗಿ ದೇಶಕ್ಕೆ ಬೀಗ ಬಿದ್ದಾಗ ಆ ಭರವಸೆ ಕುಸಿಯಿತು. ಜಾತ್ರೆ ನಿಂತಿತು, ಕೋಲ ನಿಂತಿತು, ಮದುವೆಗಳು ಮನೆಯ ಜಗಲಿಯಲ್ಲಿ ನಾಲ್ಕು ಜನರ ಎದುರು ಮುಗಿದವು. ತಲಪಾಡಿಯಲ್ಲಿ ಕೇರಳದ ಗಡಿಯೂ ಮುಚ್ಚಿತು. ಮರುವರ್ಷ ಏಪ್ರಿಲ್ ಕೊನೆಗೆ ಎರಡನೇ ಅಲೆಯ ಕರ್ಫ್ಯೂ ಬಂದದ್ದೂ ಸರಿಯಾಗಿ ಅದೇ ಹಂಗಾಮಿಗೆ.

ಅಡಿಕೆಗಾರನಿಗೆ ಒಂದು ಅನುಕೂಲವಿದೆ. ಸುಲಿದ ಅಡಿಕೆಯನ್ನು ಗೋಣಿಯಲ್ಲಿ ಕಟ್ಟಿಟ್ಟು ಬೆಲೆ ಬರುವ ತನಕ ಕಾಯಬಹುದು. ಬಾಳೆಗೆ ಆ ತಾಳ್ಮೆ ಇಲ್ಲ. ಗೊನೆ ಬಲಿತ ಮೇಲೆ ಕಡಿಯದೆ ಬಿಟ್ಟರೆ ಗಿಡದಲ್ಲೇ ಹಣ್ಣಾಗಿ ಬಾವಲಿಯ ಪಾಲು, ಕಡಿದಿಟ್ಟರೆ ವಾರದೊಳಗೆ ಕೊಳೆ. ರಾಜ್ಯದ ಹಲವೆಡೆ ಬಾಳೆ ಕಿಲೋಗೆ ನಾಲ್ಕೈದು ರೂಪಾಯಿಗೆ ಇಳಿದಾಗ ಕಡಿದು ಸಾಗಿಸುವ ಕೂಲಿಯೂ ಹುಟ್ಟದಾಯಿತು.

ಈ ಹೊತ್ತಿನಲ್ಲಿ ಪರಿಹಾರ ಬಂದದ್ದು ದೊಡ್ಡ ಕಂಪನಿಯಿಂದಲ್ಲ, ರೈತರದೇ ಒಂದು ಪತ್ರಿಕೆಯ ಬಳಗದಿಂದ. 1988ರಿಂದ ಪುತ್ತೂರಿನಲ್ಲಿ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟ ಪತ್ರಿಕೆ. ಅದರ ಸಂಪಾದಕ ಶ್ರೀಪಡ್ರೆಯವರು ಕಾಸರಗೋಡಿನ ವಾಣಿನಗರದವರು. ಮಳೆಕೊಯ್ಲಿನ ಬಗ್ಗೆ, ಹಲಸಿನ ಬಗ್ಗೆ ವರ್ಷಗಟ್ಟಲೆ ಬಿಡದೆ ಬರೆದವರು. ತೋಟದಲ್ಲಿ ಹಾಳಾಗುವ ತರಕಾರಿಯನ್ನು ಒಣಗಿಸಿಡುವ ಬಗ್ಗೆ ಈ ಬಳಗದ ಒಂದು ವಾಟ್ಸಾಪ್ ಗುಂಪು ಆಗಲೇ ಚರ್ಚೆ ನಡೆಸುತ್ತಿತ್ತು. ಅಲ್ಲಿಗೆ ಬಂದ ಮಾಹಿತಿಗಳಲ್ಲಿ ಕೇರಳದ ಆಲಪ್ಪುಳ ಕೃಷಿ ವಿಜ್ಞಾನ ಕೇಂದ್ರದ ಬಾಳೆಕಾಯಿ ಹುಡಿಯ ವಿಧಾನವೂ ಒಂದು. ಆ ಕೇಂದ್ರವನ್ನು ನಡೆಸುವುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ. ಅದರದೇ ಪ್ರಾದೇಶಿಕ ಕೇಂದ್ರ ಬಂಟ್ವಾಳ ತಾಲೂಕಿನ ವಿಟ್ಲದಲ್ಲೂ ಇದೆ. ಅಂದರೆ ಈ ವಿದ್ಯೆ ನಮ್ಮಿಂದ ತೀರಾ ದೂರವೇನೂ ಇರಲಿಲ್ಲ. ಆದರೂ ಅದು ನಮ್ಮ ಅಡುಗೆಮನೆಗೆ ತಲುಪಲು ಒಂದು ಮಹಾಮಾರಿ ಬರಬೇಕಾಯಿತು.

ತುಮಕೂರು ಜಿಲ್ಲೆಯ ಅತ್ತಿಕಟ್ಟೆಯ ರೈತ ಮಹಿಳೆಯೊಬ್ಬರು ಆ ಗುಂಪಿನಲ್ಲಿ ಮಾಹಿತಿ ಕಂಡು ಆಲಪ್ಪುಳದ ತಜ್ಞೆಯನ್ನು ಸಂಪರ್ಕಿಸಿದರು, ಮರುದಿನವೇ ಮನೆಯಲ್ಲಿ ಹುಡಿ ಮಾಡಿ ನೋಡಿದರು. ಯಂತ್ರಕ್ಕಾಗಿ, ಸಾಲಕ್ಕಾಗಿ, ಸಬ್ಸಿಡಿಗಾಗಿ ಕಾಯಲಿಲ್ಲ. ಮನೆಯಲ್ಲಿದ್ದ ಚೂರಿ, ಅಂಗಳದ ಬಿಸಿಲು, ಮಿಕ್ಸಿ ಇಷ್ಟೇ ಸಾಕಾಯಿತು.

ವಿಧಾನ ಸರಳ, ಆದರೆ ಸೂಕ್ಷ್ಮ. ಕಾಯಿ ಪೂರ್ತಿ ಬಲಿತಿರಬೇಕು, ಹಣ್ಣಾಗಲು ಹೊರಟಿರಬಾರದು. ಹಣ್ಣಾಗತೊಡಗಿದರೆ ಪಿಷ್ಟ ಸಕ್ಕರೆಯಾಗಿ ಹುಡಿ ಅಂಟಂಟಾಗುತ್ತದೆ. ಸೊನೆ ಹಿಡಿಯದಂತೆ ಕೈಗೆ ಎಣ್ಣೆ ಸವರಿಕೊಳ್ಳಬೇಕು. ಕಬ್ಬಿಣದ ಕತ್ತಿ ಬೇಡ, ಸ್ಟೀಲಿನ ಚೂರಿ ಬೇಕು. ತೆಳ್ಳಗೆ ಹೆಚ್ಚಿದ ಬಿಲ್ಲೆ ಗಾಳಿಗೆ ತೆರೆದುಕೊಂಡ ಕೂಡಲೇ ಕಪ್ಪಾಗತೊಡಗುತ್ತದೆ. ಕಾಯಿಯೊಳಗಿನ ಕಿಣ್ವಕ್ಕೆ ಆಮ್ಲಜನಕ ಸಿಕ್ಕಿದ್ದೇ ಇದಕ್ಕೆ ಕಾರಣ. ಹುಳಿ ಮಜ್ಜಿಗೆಯಲ್ಲೋ ಉಪ್ಪುನೀರಿನಲ್ಲೋ ಅದ್ದಿಟ್ಟರೆ ಆ ಓಟ ನಿಧಾನವಾಗುತ್ತದೆ. ಆಮೇಲೆ ನೀರು ಬಸಿದು, ಒಂದರ ಮೇಲೊಂದು ಬೀಳದಂತೆ ಹರಡಿ, ಮುರಿದರೆ ಟಕ್ಕೆಂದು ಸದ್ದು ಬರುವಷ್ಟು ಒಣಗಿಸಿ ಬೀಸಿದರೆ ಮಾಸಲು ಬಿಳಿಯ ನಯವಾದ ಹುಡಿ ಸಿದ್ಧ. ಗಾಳಿಯಾಡದ ಡಬ್ಬದಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ವಾರವೂ ಕಾಯದ ಬೆಳೆ ಹೀಗೆ ಅಡಿಕೆಯ ಸಾಲಿಗೆ ಸೇರಿತು.

ಬಾಳೆಕಾಯಿ ಹುಡಿಗೆ ‘ಬಾಕಾಹು’ ಎಂದು ಮುದ್ದಿನ ಹೆಸರಿಟ್ಟು ಪತ್ರಿಕೆ ಇದನ್ನೊಂದು ಆಂದೋಲನವನ್ನಾಗಿ ಮಾಡಿತು. ಒಬ್ಬರು ದೋಸೆ ಹೊಯ್ದು ಫೋಟೊ ಹಾಕಿದರೆ ಇನ್ನೊಬ್ಬರು ರೊಟ್ಟಿ ತಟ್ಟಿದರು, ಮತ್ತೊಬ್ಬರು ಜಾಮೂನು ಕರಿದರು. ಮಾಡಿದವರು ಅಳತೆ ಹೇಳಿದರು, ಸೋತವರು ಯಾಕೆ ಸೋತೆವೆಂದು ಹೇಳಿದರು. ಯಾರೂ ಗುಟ್ಟು ಬಚ್ಚಿಟ್ಟುಕೊಳ್ಳಲಿಲ್ಲ. 2021ರ ಜುಲೈ 25ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ದಕ್ಷಿಣ ಕನ್ನಡ, ಉತ್ತರ ಕನ್ನಡದ ಮಹಿಳೆಯರ ಈ ಕೆಲಸವನ್ನು ಹೆಸರಿಸಿ ಹೊಗಳಿದಾಗ ಅಡುಗೆಮನೆಯ ಪ್ರಯೋಗ ದೇಶಕ್ಕೇ ಗೊತ್ತಾಯಿತು.

ಹಾಗಾದರೆ ಇಲ್ಲಿ ಹೊಸದಾಗಿ ಸಿಕ್ಕಿದ್ದೇನು? ಹುಡಿಯಂತೂ ಹೊಸದಲ್ಲ. ಕೇರಳದಲ್ಲಿ ಒಣಗಿಸಿದ ಬಾಳೆಕಾಯಿಯ ಹುಡಿಯಿಂದ ಹಸುಗೂಸುಗಳಿಗೆ ‘ಕುರುಕ್ಕು’ ಎಂಬ ಗಂಜಿ ಕಾಯಿಸುವುದು ಅಜ್ಜಿಯರ ಕಾಲದ ರೂಢಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಾರುಕಟ್ಟೆ ಬೇಡವೆಂದ ಹಸಿರು ಬಾಳೆಕಾಯಿಯಿಂದ ಹುಡಿ ಮಾಡುವ ಉದ್ಯಮವೇ ಕೊರೊನಾಕ್ಕೆ ಮೊದಲು ಬೆಳೆದಿತ್ತು. ನಮ್ಮಲ್ಲಿ ಸಿಕ್ಕಿದ್ದು ದಾರಿ. ಗೊತ್ತಿದ್ದವರಿಂದ ಬೇಕಾದವರಿಗೆ ವಿದ್ಯೆ ಒಂದೇ ದಿನದಲ್ಲಿ ತಲುಪುವ ದಾರಿ. ಸಂಕಟದ ಕಾಲದಲ್ಲಿ ಉದ್ಯಮಕ್ಕೆ ಬೇಕಾದ ಹೊಸತನ ಹೆಚ್ಚಿನ ಸಲ ಹೀಗೆಯೇ ಬರುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈ ಮಣ್ಣಿಗೆ ಅದು ಮೊದಲ ಅನುಭವವೂ ಅಲ್ಲ. ಅಡಿಕೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಎಪ್ಪತ್ತರ ದಶಕದ ಕೊನೆಗೆ ಕೊಕ್ಕೊ ಕೊಳ್ಳುವವರಿಲ್ಲದೆ ರೈತರು ಗಿಡ ಕಡಿಯಲು ಹೊರಟಾಗ ಅದೇ ಸಂಸ್ಥೆ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಕೊಳ್ಳುವವರು ಕೈಬಿಟ್ಟ ಬೆಳೆಗೆ ಬೆಳೆದವರೇ ಕಾರ್ಖಾನೆ ಕಟ್ಟಿದ ಧೈರ್ಯ ಅದು. ಬಾಕಾಹುವಿಗೆ ಸಿಗದೆ ಹೋದದ್ದು ಈ ಎರಡನೇ ಹೆಜ್ಜೆ.

ಆ ಹೆಜ್ಜೆ ಏಕೆ ಬೇಕೆಂದರೆ, ಮಹಾಮಾರಿ ಮುಗಿದ ಮೇಲೆ ಲೆಕ್ಕ ಬದಲಾಗುತ್ತದೆ. ಹಸಿ ಬಾಳೆಕಾಯಿಯ ತಿರುಳಿನಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಸಿಪ್ಪೆ ತೆಗೆದು ಒಣಗಿಸಿದರೆ ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಕಾಯಿ ಬೇಕು. ಕಾಯಿಗೆ ಐದು ರೂಪಾಯಿ ಇದ್ದಾಗ ಹುಡಿಯ ಕಚ್ಚಾವಸ್ತುವಿಗೆ ತಗಲುವುದು ಇಪ್ಪತ್ತೈದರ ಒಳಗೆ. ಜಾತ್ರೆಗಳು ಮರಳಿ ಕಾಯಿ ಮೂವತ್ತಕ್ಕೇರಿದರೆ ಕೂಲಿ, ಕಟ್ಟಿಗೆ, ಪ್ಯಾಕೆಟ್ಟಿನ ಖರ್ಚು ಸೇರುವ ಮೊದಲೇ ನೂರಿಪ್ಪತ್ತು, ನೂರೈವತ್ತು. ಆ ಬೆಲೆಗೆ ಹುಡಿ ಮೈದಾದೊಂದಿಗೆ ಪೈಪೋಟಿ ಮಾಡಲಾರದು. ಅದು ತನ್ನ ಗುಣದಿಂದಲೇ ಮಾರಾಟವಾಗಬೇಕು. ಬಾಳೆಕಾಯಿಯಲ್ಲಿ ಗ್ಲುಟೆನ್ ಇಲ್ಲ. ಬೇಗ ಜೀರ್ಣವಾಗದೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಪಿಷ್ಟ ಅದರಲ್ಲಿ ಧಾರಾಳವಾಗಿದೆ. ಗೋಧಿ ತಿನ್ನಲಾಗದವರು, ಎಳೆ ಮಕ್ಕಳ ತಾಯಂದಿರು ಇದಕ್ಕೆ ನಿಜವಾದ ಗಿರಾಕಿಗಳು. ಅವರಿಗೆ ಬೇಕಾದದ್ದು ಪ್ರತಿ ಸಲವೂ ಒಂದೇ ಬಣ್ಣ, ಒಂದೇ ರುಚಿ, ಬೂಸ್ಟು ಹಿಡಿಯದ ಭರವಸೆ.

ಕರಾವಳಿಯಲ್ಲಿ ಆ ಭರವಸೆಗೆ ಅಡ್ಡ ಬರುವುದು ಮಳೆ. ತುಮಕೂರಿನ ಬಿಸಿಲು ಜೂನ್‌ನಲ್ಲಿ ಪುತ್ತಿಗೆಗೆ ಸಿಗದು. ಆದರೆ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡುಗಳು ನಮ್ಮ ಅಂಗಳಗಳಲ್ಲಿ ಬೇಕಾದಷ್ಟಿವೆ, ಅಡಿಕೆ ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುತ್ತವೆ. ಅಲ್ಲಿ ಬಿಸಿಗಾಳಿ ಹಾಯಿಸುವ ಕಟ್ಟಿಗೆ ಒಲೆಯೊಂದನ್ನು ಜೋಡಿಸಿ, ಹಲಸು, ಬಾಳೆ, ತರಕಾರಿಯನ್ನು ಸರದಿಯಂತೆ ಒಣಗಿಸುವ ಒಂದು ಘಟಕವನ್ನು ಊರಿನ ಸಹಕಾರಿ ಸಂಘ ನಡೆಸಿದರೆ ಸಾಕು. ಬೆಲೆ ಇದ್ದಾಗ ಗೊನೆ ಪೇಟೆಗೆ ಹೋಗಲಿ, ಬೆಲೆ ಬಿದ್ದ ವಾರ ಘಟಕಕ್ಕೆ ಬರಲಿ. ಬೆಳೆಗಾರನಿಗೆ ಹೌದು ಅಥವಾ ಬೇಡ ಎನ್ನುವ ಶಕ್ತಿ ಬರುವುದು ಆಗಲೇ.

ಇದಕ್ಕೆ ಇನ್ನೊಂದು ಮಹಾಮಾರಿಯವರೆಗೆ ಕಾಯಬೇಕಾಗಿಲ್ಲ. ಹುಡಿ ಮಾಡುವ ವಿದ್ಯೆ ಈಗ ನಮ್ಮ ಹೆಂಗಸರ ಕೈಯಲ್ಲಿದೆ, ಸಹಕಾರದ ಅನುಭವ ಈ ಜಿಲ್ಲೆಯ ರಕ್ತದಲ್ಲಿದೆ. ಇವೆರಡನ್ನು ಒಂದೇ ಸೂರಿನಡಿ ತರುವ ಕೆಲಸ ಈ ಮಳೆಗಾಲದಲ್ಲೇ ಶುರುವಾಗಲಿ.