ಮಾತಿನ ಮರ್ಯಾದೆ ಮನೆಯಿಂದಲೇ

ಬಂದವರಿಗೆ ಕಾಫಿ ಕೊಟ್ಟು, ಹೊರಡುವಾಗ ಹೆಣ್ಣುಮಕ್ಕಳಿಗೆ ಕುಂಕುಮವಿಟ್ಟು ಕಳಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 'ಹೋಗ್ತೀನಿ' ಎನ್ನಬಾರದು, 'ಹೋಗಿ ಬರ್ತೀನಿ' ಎನ್ನಬೇಕು ಎಂಬುದೂ ಅಜ್ಜಿಯರಿಂದ ಬಂದ ಪಾಠವೇ. ಮತ್ತೆ ಬರುವ ಬಾಗಿಲು ತೆರೆದಿರಲಿ ಎಂಬ ಹಾರೈಕೆ ಆ ಒಂದು ಮಾತಿನಲ್ಲಿದೆ.

ಆದರೆ ನೆಂಟರಿಗೆ ಸಿಗುವ ಈ ನಯ, ದಿನಾ ಪಾತ್ರೆ ತಿಕ್ಕಲು ಬರುವಾಕೆಗೂ ಸಿಗುತ್ತಿದೆಯೇ? ಅಜ್ಜಿಯ ವಯಸ್ಸಿನ ಆಕೆಯನ್ನು ಐದು ವರ್ಷದ ಮಗು 'ಬಾರೇ, ಹೋಗೇ' ಎನ್ನುತ್ತದೆ. ನಾವು ನಕ್ಕು ಸುಮ್ಮನಾಗುತ್ತೇವೆ. ಮಗು ಅದನ್ನು ಕಲಿತದ್ದು ಬೇರೆಲ್ಲೂ ಅಲ್ಲ, ನಮ್ಮ ಬಾಯಿಂದಲೇ. ಇಂದು ಆಕೆಗೆ ಬಂದ ಮಾತು ನಾಳೆ ನಮಗೂ ಬಂದೀತು!

ಏಕವಚನವೆಲ್ಲ ಅಗೌರವ ಎಂದೇನೂ ಅಲ್ಲ. ಹೆತ್ತ ತಾಯಿಯನ್ನು ಎಷ್ಟೋ ಮನೆಗಳಲ್ಲಿ 'ನೀನು' ಎಂದೇ ಮಾತಾಡಿಸುತ್ತಾರೆ. ಅದು ಸಲಿಗೆ. ಆದರೆ ವಯಸ್ಸಿನಲ್ಲಿ ಹಿರಿಯಳಾದವಳನ್ನು ನಾವು 'ನೀನು' ಎಂದು ಕರೆದು, ಆಕೆ ಮಾತ್ರ ನಮ್ಮನ್ನು 'ನೀವು' ಎನ್ನಲೇಬೇಕಾದರೆ ಅದು ಸಲಿಗೆಯಲ್ಲ, ದರ್ಪ.

12ನೆಯ ಶತಮಾನದಲ್ಲೇ ಬಸವಣ್ಣನವರು ಮೃದುವಚನದ ಹಿರಿಮೆಯನ್ನು ಸಾರಿದರು. ಅದನ್ನು ಪಾಲಿಸಲು ಕಾಸಿನ ಖರ್ಚಿಲ್ಲ. 'ಬಾ' ಎನ್ನುವಲ್ಲಿ 'ಬನ್ನಿ' ಎಂದರಾಯ್ತು, ಹೆಸರಿನ ಜೊತೆಗೆ ಒಂದು 'ಅಕ್ಕ' ಸೇರಿಸಿದರಾಯ್ತು. ಬೈಯಲೇಬೇಕಾದ ತಪ್ಪಾಗಿದ್ದರೆ ನಾಲ್ಕು ಜನರ ಮುಂದೆ ಬೇಡ, ಒಳಗೆ ಕರೆದು ಹೇಳಿ. ಕಾಫಿ ಕೊಡುವಾಗ ಮೂಲೆಯ ಸೊಟ್ಟ ಲೋಟ ಹುಡುಕಬೇಡಿ, ಮನೆಯವರು ಕುಡಿಯುವ ಲೋಟದಲ್ಲೇ ಕೊಡಿ.

ಮಕ್ಕಳಿಗೆ ಸಭ್ಯತೆಯ ಉಪದೇಶ ಬೇರೆ ಬೇಕಿಲ್ಲ. ನಾಳೆ ಬೆಳಿಗ್ಗೆ ಆಕೆ ಬಂದಾಗ 'ಬನ್ನಿ ಅಕ್ಕಾ' ಎಂದು ನೋಡಿ. ಮಗು ಕೇಳಿಸಿಕೊಳ್ಳುತ್ತಿರುತ್ತದೆ.