ಹೊಳೆಗೆ ಪಂಚಾಯತಿ ಗಡಿ ಗೊತ್ತಿಲ್ಲ

ಅಮೀನಗಡ ಅಂದ ತಕ್ಷಣ ನಿಮಗೆ ಕರದಂಟು ನೆನಪಾಗುತ್ತೆ. ಕುರಿ ಸಾಕಿದವರಿಗೆ ಅಲ್ಲಿನ ಸಂತೆ ನೆನಪಾಗುತ್ತೆ. ಪ್ರವಾಹದ ಸುದ್ದಿಯಲ್ಲಿ ಮಾತ್ರ ಈ ಊರಿನ ಹೆಸರು ಬರೋದು ಕಡಿಮೆ. ಯಾಕಂದ್ರೆ ಹೊಳೆ ಇರೋದು ಸುಮಾರು 10 ಕಿಲೋಮೀಟರ್ ಆಚೆ, ಐಹೊಳೆ ಹತ್ತಿರ. ಹಾಗಾದ್ರೆ ಅಮೀನಗಡಕ್ಕೂ ಪ್ರವಾಹಕ್ಕೂ ಏನು ಸಂಬಂಧ? ಇದೆ, ಹೇಳ್ತೀನಿ.

ಮೊದಲು ಹೊಳೆಯ ದಾರಿ ನೋಡಿ. ಮಲಪ್ರಭೆ ಹುಟ್ಟೋದು ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ. ನವಿಲುತೀರ್ಥದಲ್ಲಿ ಅದಕ್ಕೆ ಅಣೆಕಟ್ಟು. ಮುಂದೆ ಗದಗ ಜಿಲ್ಲೆ ಮುಟ್ಟಿ, ಪಟ್ಟದಕಲ್ಲು, ಐಹೊಳೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತೆ. ದಾರಿಯಲ್ಲಿ ಧಾರವಾಡ ಕಡೆಯಿಂದ ಬೆಣ್ಣಿಹಳ್ಳ ಬಂದು ಕೂಡುತ್ತೆ. ನವಿಲುತೀರ್ಥದ ಗೇಟು ಮುಚ್ಚಿದ್ರೂ ಬೆಣ್ಣಿಹಳ್ಳ ನಿಲ್ಲಲ್ಲ! 2009ರಲ್ಲಿ ಈ ಭಾಗ ಮುಳುಗಿತ್ತು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೆ, ಐಹೊಳೆಯ ಮನೆಗಳಿಗೆ ನೀರು ನುಗ್ಗಿದ್ದನ್ನ ನೀವೇ ಟಿವಿಯಲ್ಲಿ ನೋಡಿದ್ದೀರಿ.

ಮೈಕಿನಲ್ಲಿ ಸಾರಿದ್ರೂ ಕೆಲವರು ಮನೆ ಬಿಡಲ್ಲ. ಹಟ ಅಂತೀವಿ ನಾವು. ಹಟ ಅಲ್ಲ ಸ್ವಾಮಿ. ಎಮ್ಮೆ, ಎತ್ತು, ಕುರಿ ಹೊಡ್ಕೊಂಡು ಹೋಗೋದೆಲ್ಲಿಗೆ? ಶಾಲೆ ಕೋಣೆಯಲ್ಲಿ ಜನಕ್ಕೆ ಜಾಗ ಸಿಗುತ್ತೆ, ದನಕ್ಕೆ ಸಿಗಲ್ಲ.

ಇಲ್ಲಿ ಬರುತ್ತೆ ಅಮೀನಗಡ. ಮುಳುಗೋ ಹಳ್ಳಿಯ ಗ್ರಾಮ ಪಂಚಾಯತಿ ಹತ್ರ ಎತ್ತರದ ಜಾಗ ಇಲ್ಲ. ಅಮೀನಗಡದ ಪಟ್ಟಣ ಪಂಚಾಯತಿ ಇರೋ ಊರಲ್ಲಿ ಸಂತೆಯ ಬಯಲಿದೆ, ಅಂಗಡಿ, ಆಸ್ಪತ್ರೆ ಇವೆ. ಎರಡೂ ಕಡೆಯವರು ಮಳೆಗಾಲಕ್ಕೆ ಮುಂಚೆಯೇ ಕೂತು ಮಾತಾಡಿದ್ರೆ? ಯಾವ ಹಳ್ಳಿಯ ದನ ಎಲ್ಲಿ ಕಟ್ಟಬೇಕು, ಮೇವು ಯಾರು ತರಬೇಕು, ಟ್ರ್ಯಾಕ್ಟರ್ ಯಾರದ್ದು, ರಾತ್ರಿ ಎರಡು ಗಂಟೆಗೆ ಯಾರ ಫೋನ್ ಎತ್ತಬೇಕು, ಇಷ್ಟು ಬರೆದಿಟ್ರೆ ಸಾಕು. ಮೇಲಿನ ಊರಿನವರು ಕೆಳಗಿನ ಊರಿಗೆ ನೇರ ಫೋನ್ ಮಾಡಿದ್ರೆ ಇನ್ನೊಂದಿಷ್ಟು ಹೊತ್ತು ಸಿಗುತ್ತೆ.

ಕಾನೂನೂ ಅಡ್ಡಿ ಬರಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಆದರೆ ಸಿಬ್ಬಂದಿಗೆ ತರಬೇತಿ ಕೊಡಿಸಿ, ಸಾಮಾನು ಸಜ್ಜಾಗಿಡೋ ಹೊಣೆಯನ್ನ ಅದೇ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೂ ಕೊಟ್ಟಿದೆ. ಎಲ್ಲಾ ಡಿಸಿ ಸಾಹೇಬ್ರು ನೋಡ್ಕೋತಾರೆ ಅಂತ ಕೈಕಟ್ಟಿ ಕೂರೋ ಹಾಗಿಲ್ಲ.

ನೀರು ಬಂದ ಮೇಲೆ ಪರಿಹಾರದ ಚೆಕ್ ಕೊಡೋದು ಸರ್ಕಾರದ ಕೆಲಸ, ಒಪ್ಪೋಣ. ನೀರು ಬರೋ ಮುಂಚೆ ಪಕ್ಕದೂರಿಗೆ ಬಾಗಿಲು ತೆರೆದಿಡೋದು ನಮ್ಮ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಒಂದೇ ಪ್ರಶ್ನೆ ಕೇಳಿ: ಹೊಳೆ ಬಂದ್ರೆ ನಮ್ಮ ದನ ಎಲ್ಲಿ?