ವಾಂತಿ ನಿಂತರೂ ವಿಷ ಮುಗಿದಿರಲಿಲ್ಲ

ನಮ್ಮ ಅಂಗಳದ ಬದಿಯ ಬೇಲಿಯಲ್ಲಿ ಹಳದಿ ಕಣಗಿಲೆಯ ನಾಲ್ಕು ಗಿಡಗಳಿದ್ದವು. ಕೆಲವು ಕಡೆ ಇದಕ್ಕೆ ಕರವೀರ ಅಂತಲೂ ಹೇಳುತ್ತಾರೆ. ದೇವರಿಗೆ ಹೂವು ಸಿಗುತ್ತದೆ, ನೀರು ಗೊಬ್ಬರ ಕೇಳುವುದಿಲ್ಲ, ದನ ಬಾಯಿ ಹಾಕುವುದಿಲ್ಲ. ದನ ಯಾಕೆ ಮುಟ್ಟುವುದಿಲ್ಲ ಎಂದು ನಾನು ಯೋಚಿಸಿದವನೇ ಅಲ್ಲ.

ಕಳೆದ ವರ್ಷ ಒಂದು ಸಂಜೆ ಐದು ವರ್ಷದ ಮೊಮ್ಮಗಳು ವಾಂತಿ ಮಾಡತೊಡಗಿದಳು. ಅಜೀರ್ಣ ಇರಬೇಕೆಂದು ಜೀರಿಗೆ ಕಷಾಯ ಕೊಟ್ಟೆವು. ಸ್ವಲ್ಪ ಹೊತ್ತಿಗೆ ವಾಂತಿ ನಿಂತಿತು, ನಮಗೆ ಸಮಾಧಾನ. ಆಗ ಅವಳ ಅಣ್ಣ ಮೆಲ್ಲ ಬಂದು, "ಅಜ್ಜಾ, ಅಂಗಡಿ ಆಟ ಆಡುವಾಗ ಇವಳು ಆ ಕಾಯಿಯ ಬೀಜ ತಿಂದಿದ್ದಾಳೆ" ಎಂದ. ಹೋಗಿ ನೋಡಿದರೆ ಕಲ್ಲಿನಲ್ಲಿ ಗುದ್ದಿ ಒಡೆದ ಗೊರಟು ಬಿದ್ದಿತ್ತು. ಅದನ್ನೇ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆವು.

ಗೊರಟು ನೋಡಿದ ಡಾಕ್ಟರು ಮೊದಲು ಇ.ಸಿ.ಜಿ. ಮಾಡಿಸಿದರು. ಬಡಿತ ನಿಧಾನವಾಗಿತ್ತು. ಮೂರು ದಿನ ಅಲ್ಲೇ ಇಟ್ಟುಕೊಂಡರು.

ಅವರು ವಿವರಿಸಿದ್ದು ಹೀಗೆ. ಗಿಡದ ಹಾಲು, ಎಲೆ, ಹೂವು ಎಲ್ಲದರಲ್ಲೂ ವಿಷ ಉಂಟು, ಬೀಜದಲ್ಲಿ ಬಹಳ ಹೆಚ್ಚು. ಥೆವೆಟಿನ್ ಮುಂತಾದ ಈ ವಿಷಗಳು ಹೃದ್ರೋಗಕ್ಕೆ ಕೊಡುವ ಡಿಜಾಕ್ಸಿನ್ ಮದ್ದಿನ ಜಾತಿಯವು. ಹೃದಯದ ಜೀವಕೋಶದಿಂದ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆ ತರುವ ಒಂದು ಪಂಪು ಇರುತ್ತದಂತೆ. ಈ ವಿಷ ಅದನ್ನೇ ಕಟ್ಟಿಹಾಕುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಬಡಿತ ತಾಳ ತಪ್ಪುತ್ತದೆ. ಮಗು ಎದ್ದು ಆಡಿಕೊಂಡಿದ್ದರೂ ಎರಡು ಮೂರು ದಿನದೊಳಗೆ ಬಡಿತ ಕೆಡಬಹುದು. ನಮ್ಮ ಕಷಾಯದ ಸಮಾಧಾನ ನೆನೆದರೆ ಈಗಲೂ ಮೈ ನಡುಗುತ್ತದೆ.

ಈ ವಿಷ ಶ್ರೀಲಂಕಾದಲ್ಲಿ ದೊಡ್ಡ ಸಮಸ್ಯೆ. ಡಿಜಾಕ್ಸಿನ್‌ಗೆಂದು ಮಾಡಿದ ಪ್ರತಿವಿಷ ಇದಕ್ಕೂ ಆಗುತ್ತದೆಂದು ಅಲ್ಲಿ ನಡೆಸಿದ ಪರೀಕ್ಷೆಯಲ್ಲಿ ತಿಳಿದದ್ದು 2000ದಲ್ಲಿ ಪ್ರಕಟವಾಯಿತು. ಆದರೆ ಅದು ಬಹಳ ದುಬಾರಿ, ಎಲ್ಲ ಕಡೆ ಸಿಗುವಂಥದ್ದಲ್ಲ.

ಗುಲಗಂಜಿ, ಹರಳು ಬೀಜದ ದಾರಿಯೇ ಬೇರೆ. ಅಗಿದು ತಿಂದರೆ ಎಷ್ಟೋ ಗಂಟೆ ಕಳೆದ ಮೇಲೆ ವಾಂತಿ ಭೇದಿ ಸುರುವಾಗಬಹುದು. ಹಾಗಾಗಿ ಯಾವ ಬೀಜ, ಎಷ್ಟು, ಯಾವಾಗ ಎಂದು ಡಾಕ್ಟರಿಗೆ ಹೇಳಬೇಕು, ಕಾಯಿಯನ್ನೂ ಒಯ್ಯಬೇಕು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲಿಕ್ಕೆ ಹೋಗಬೇಡಿ, ಅದೇ ಇನ್ನೊಂದು ಅಪಾಯ. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಮೊಮ್ಮಗಳು ಹುಷಾರಾಗಿದ್ದಾಳೆ. ನಾಲ್ಕೂ ಗಿಡ ಕಡಿಸಿ, ಬಿದ್ದ ಕಾಯಿ ಹೆಕ್ಕಿ ಆಳವಾಗಿ ಹೂಳಿದೆ. ಆ ಜಾಗದಲ್ಲಿ ಮನೆಯವಳು ದಾಸವಾಳದ ಗೆಲ್ಲು ನೆಟ್ಟಿದ್ದಾಳೆ. ಚಿಗುರು ಬಂದ ಹಾಗೆ ದನ ತಿನ್ನುತ್ತಾ ಉಂಟು.